ಹಸಿ ಮೊಗ್ಗಿನ ಬೈಗುಳ

ಇವತ್ತು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು, ಅಷ್ಟು ಹಿಗ್ಗು ನನಗೆ! ಅಷ್ಟರಲ್ಲಿ ನಮ್ಮ ಯಜಮಾನರು ಟವೆಲ್ ತುಂಬ ಮಲ್ಲಿಗೆ ತಂದು ಸುರುವಿದರು. ನೋಡಿದರೆ ಅರ್ಧಕ್ಕರ್ಧ ಹಸಿರು ಮೊಗ್ಗು, ನಾಳೆ ನಾಡಿದ್ದು ಬಿಡಿಸಬೇಕಾದವು. ಮೂಸಿದೆ. ಬರೀ ಎಲೆಯ ವಾಸನೆ… ಪಕ್ಕದ ಮನೆಯ ಅಕ್ಕ ಎದುರಿಗೇ ಬಂದು ನಿಂತಂತಾಯಿತು.

ಹಡಗಲಿಯಲ್ಲಿ ನಮ್ಮ ತೋಟಕ್ಕೂ ಅವಳ ತೋಟಕ್ಕೂ ನಡುವೆ ಒಂದೇ ಬದು. ಗಂಡ, ಮಕ್ಕಳು ಇಲ್ಲದ ಅವಳಿಗೆ ಮಲ್ಲಿಗೆ ಗಿಡಗಳೇ ಎಲ್ಲ. ನಸುಕಿನಲ್ಲಿ ಮೊಗ್ಗು ಬಿಡಿಸುವಾಗ ಬೇರೆಯವರ ಕೈ ತಾಗಗೊಡುತ್ತಿರಲಿಲ್ಲ. ನನ್ನ ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಾಗ ಅಕ್ಕನ ಎದೆಯಲ್ಲಿ ಗಡ್ಡೆ ಎದ್ದು, ಕ್ಯಾನ್ಸರ್ ಅಂದರು. ಆಪರೇಷನ್ ಆದ ಮೇಲೆ ಬಾಟಲಿಯಲ್ಲಿ ಔಷಧ ಏರಿಸುವುದು ಶುರುವಾಯಿತು. ಮೊಗ್ಗು ಬಿಡಿಸಿಯೇ ಅವಳು ಬಸ್ಸು ಹತ್ತುವಳು. ದಾವಣಗೆರೆ ಮುಟ್ಟಿ ಬಾಟಲಿ ಹಚ್ಚುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಮರಳಿ ಬಂದರೆ ವಾಂತಿ, ಬಾಯಿ ತುಂಬ ಹುಣ್ಣು, ಮಾತೇ ಇಲ್ಲ…

"ಇನ್ನ ದವಾಖಾನಿಗೆ ಹೋಗಂಗಿಲ್ಲ ಬಿಡು ತಂಗಿ. ಸತ್ರ ಗಿಡದ ಬುಡಕ್ಕ ಸಾಯ್ತೀನಿ" ಅಂದಳು.

ಮುಂದಿನ ಸಲ ನಾನೇ ಎಳೆದುಕೊಂಡು ಹೋದೆ. ತಡೆಯಲಾಗದೆ ಡಾಕ್ಟರನ್ನು ಕೇಳಿಯೇಬಿಟ್ಟೆ: "ಸಾಹೇಬ್ರ, ನಮ್ಮ ಮಲ್ಲಿಗಿ ತಂಪೊತ್ತಿನ್ಯಾಗ ಬಿಡಿಸಿದ್ರ ತಾಳತೈತಿ, ಬಿಸಿಲಾಗ ಬಿಡಿಸಿದ್ರ ಬಾಡತೈತಿ. ನಿಮ್ಮ ಔಷಧಕ್ಕೂ ಹೊತ್ತು ಗೊತ್ತು ಐತೇನ್ರಿ?"

ಡಾಕ್ಟರು ನಗಲಿಲ್ಲ. "ಕೆಲವು ಔಷಧ ಒಂದು ಹೊತ್ತಿಗೆ ಕಮ್ಮಿ ಕಾಡ್ತವೆ, ಇನ್ನೊಂದು ಹೊತ್ತಿಗೆ ಜಾಸ್ತಿ ಅಂತ ಓದೀನಮ್ಮ. ಇವರದ್ದೂ ಹಂಗೇ ಅಂತ ಹೇಳಕ್ಕೆ ಬರಲ್ಲ. ಮುಂದಿನ ಸಲ ಹಿಂದಿನ ದಿನವೇ ಬರ್ರಿ, ಬೆಳಿಗ್ಗೆ ಹಚ್ಚಿ ನೋಡೋಣ."

"ಮೊಗ್ಗ ಯಾರ ಬಿಡಸ್ತಾರ?" ಎಂದಳು ಅಕ್ಕ.

"ನಮ್ಮನಿಯವರು."

"ನಿನ್ನ ಗಂಡಾ? ಅವಗ ಎಮ್ಮಿ ಯಾವುದು, ಕೋಣ ಯಾವುದು ಗೊತ್ತಾಗಂಗಿಲ್ಲ!"

ಅಂತೂ ಒಪ್ಪಿದಳು. ಮುಂದಿನ ಸಲ ಬೆಳಿಗ್ಗೆ ಬಾಟಲಿ ಹನಿಯುವಾಗ ಅವಳ ಬೆರಳು ಹಾಸಿಗೆಯ ಮೇಲೆ ಮೊಗ್ಗು ಬಿಡಿಸುತ್ತಲೇ ಇದ್ದವು. ಮರಳುವ ಬಸ್ಸಿನಲ್ಲಿ ನಾನು ವಾಂತಿಯ ಚೀಲ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದೆ. ಇಳಿದವಳೇ ಸೀದಾ ನಮ್ಮ ಪಡಸಾಲೆಗೆ ಹೋಗಿ ಮೊಗ್ಗಿನ ಬುಟ್ಟಿಯಲ್ಲಿ ಕೈಯಾಡಿಸಿದಳು.

"ಯಾವ ಕೈಲೇ ಇದು! ಹಾಲು ಕುಡಿಯೋ ಕೂಸನ್ನ ಕಿತ್ತಂಗ ಹಸಿ ಮೊಗ್ಗ ಕಿತ್ತೀಯಲ್ಲೋ!"

ಓಣಿಯೆಲ್ಲ ಕೇಳಿತು. ನಮ್ಮವರು ತಲೆ ತಗ್ಗಿಸಿ ನಿಂತರು. ನಾನು ಕುಣಿಯುವುದೊಂದು ಬಾಕಿ. ಆ ಬಾಯಲ್ಲಿ ಬೈಗುಳ ಬಂತಲ್ಲ!

ಬೆಳಗಿನ ಹೊತ್ತೇ ಕಾಯಿತೋ, ವಾಂತಿಗೆ ಕೊಟ್ಟ ಗುಳಿಗೆಯೋ, ನನಗೇನು ಗೊತ್ತು… ಉಳಿದ ಬಾಟಲಿಗಳನ್ನೂ ಬೆಳಿಗ್ಗೆಯೇ ಹಾಕಿಸಿಕೊಂಡಳು. ನನ್ನ ಮಗಳ ಮದುವೆಗೆ ಹೂವಿನ ದಂಡೆ ಅವಳೇ ಕಟ್ಟಿದಳು. "ತೊಟ್ಟಿಲಿಗೂ ನಾನ ಕಟ್ಟಾಕಿ" ಅಂದಿದ್ದಳು. ಹೋದ ವರ್ಷ ಗಡ್ಡೆ ಮತ್ತೆ ಬಂತು. ಆ ಸಲ ಯಾವ ಹೊತ್ತೂ ಅವಳನ್ನು ಕಾಯಲಿಲ್ಲ…

"ಇಷ್ಟು ವರ್ಷಾತು, ಇನ್ನೂ ಹಸಿ ಮೊಗ್ಗ ಕೀಳ್ತೀರಲ್ರಿ?" ಎಂದೆ.

ಯಜಮಾನರು ಪಕ್ಕದ ಮನೆಯ ಬೀಗದ ಕಡೆ ನೋಡುತ್ತ ಅಂದರು: "ಯಾರರ ಬೈತಾರೇನೋ ಅಂತ ನೋಡಿದೆ."