ಬೈಪಾಸ್ ಪಾಠಕ್ಕೆ ಬಂದ ಅಕ್ಕ

ಟಯರಿನಿಂದ ಗಾಳಿ ಹೊರಬೀಳುವ ಸುಯ್ಯೆಂಬ ಸದ್ದು ನಮ್ಮ ತರಗತಿಯ ಕಿಟಕಿಯವರೆಗೂ ಕೇಳುತ್ತದೆ. ಕೇಳಿತೆಂದರೆ ರಸ್ತೆಯಾಚೆ ನನ್ನ ಅಕ್ಕ ಯಾವುದೋ ಲಾರಿಯ ಚಕ್ರಕ್ಕೆ ಕೈಹಾಕಿದ್ದಾಳೆ ಎಂದು ಅರ್ಥ. ಭಾವ ತೀರಿಕೊಂಡ ಮೇಲೆ ಪಂಕ್ಚರ್ ಅಂಗಡಿ ಅವಳದೇ. ನನ್ನನ್ನು ಓದಿಸಿದ್ದೂ ಆ ಅಂಗಡಿಯೇ. ಓದಿ ನಾನು ಭೂಗೋಳದ ಮೇಷ್ಟ್ರಾದೆ; ಸೈಕಲ್ಲಿನ ಚೈನು ಕಳಚಿದರೆ ಇವತ್ತಿಗೂ ಅವಳ ಮುಂದೆ ಹೋಗಿ ನಿಲ್ಲುತ್ತೇನೆ.

ಊರಿಗೆ ಬೈಪಾಸ್ ಬರುವ ಸುದ್ದಿ ಎದ್ದಿತು. ಲಾರಿಗಳೆಲ್ಲ ಊರಾಚೆ ಹೊರಟರೆ ಅಕ್ಕ ನೊಣ ಹೊಡೆಯುತ್ತ ಕೂರಬೇಕು. ಅದನ್ನು ಚರ್ಚಿಸಲು ಶನಿವಾರ ಸಂಜೆ ಕರೆದಿದ್ದ ಊರ ಸಭೆಯಲ್ಲಿ ಅವಳು ಎದ್ದು ನಿಂತು ಬೇಡವೆನ್ನಬೇಕು. ಅಷ್ಟು ಜನರೆದುರು ಬಾಯಿ ಬಿಡಲು ಅಳುಕುತ್ತಿದ್ದಳು. ಇಂಥ ಹೊತ್ತಿನಲ್ಲೇ ನನ್ನ ಬುದ್ಧಿ ಓಡುವುದು. ಅದೇ ಶನಿವಾರ ಬೆಳಿಗ್ಗೆ ತರಗತಿಯಲ್ಲಿ ಬೈಪಾಸಿನದೇ ಚಟುವಟಿಕೆ ಇಟ್ಟೆ. ಒಬ್ಬೊಬ್ಬರದು ಒಂದೊಂದು ಪಾತ್ರ. ವಾದಿಸಿ, ಕೈಯೆತ್ತಿ, ತೀರ್ಮಾನಕ್ಕೆ ಬರಬೇಕು. ಮಾತು ರೂಢಿಯಾಗಲೆಂದು ಅಕ್ಕನನ್ನೂ ಕರೆಸಿದೆ.

ಚೀಟಿ ಎತ್ತಿ ಪಾತ್ರ ಹಂಚುವುದು, ಬಂದ ಪಾತ್ರ ಬಿಡುವಂತಿಲ್ಲ ಎಂಬುದು ನನ್ನದೇ ನಿಯಮ. ಪಂಕ್ಚರ್ ಅಂಗಡಿಯವಳ ಪಾತ್ರ ಹಿಂದಿನ ಬೆಂಚಿನ ಹುಡುಗಿಗೆ ಹೋಯಿತು. ಅಕ್ಕನ ಪಾಲಿಗೆ ಬಂದದ್ದು, ರಸ್ತೆ ದಾಟಿ ಶಾಲೆಗೆ ಬರುವ ಮಗುವಿನ ತಾಯಿ.

"ಇದೊಂದನ್ನ ಬದಲಾಯಿಸೋಣ," ಎಂದೆ.

"ಬದಲಾಯಿಸೋ ಹಾಗಿಲ್ಲ ಅಂತ ನೀವೇ ಹೇಳಿದ್ರಿ, ಸರ್," ಎಂದಿತು ಇಡೀ ತರಗತಿ.

ಹುಡುಗಿ ಎದ್ದು, "ಲಾರಿ ಬರದಿದ್ರೆ ನನ್ನ ಹೊಟ್ಟೆಪಾಡು?" ಎಂದು ಕೇಳಿದಳು.

ಅಕ್ಕ ಚೀಟಿಯನ್ನೇ ನೋಡುತ್ತಿದ್ದಳು. "ನೋಡಮ್ಮ, ನಿನ್ನ ಅಂಗಡಿ ಮುಂದೆ ಲಾರಿ ಸಾಲಾಗಿ ನಿಲ್ತವೆ. ಅದರ ಮರೆಯಿಂದ ಮಗು ರಸ್ತೆಗಿಳಿದ್ರೆ, ಬರೋ ಗಾಡಿಯವನಿಗೆ ಕಾಣಲ್ಲ. ಸ್ಪ್ಯಾನರ್ ಬಿಸಾಕಿ ಎಷ್ಟು ಸಲ ಓಡಿದೀನಿ. ಒಂದಿನ ಓಡೋದು ತಡ ಆದ್ರೆ?"

ಬೈಪಾಸ್ ಬೇಕೆಂದು ಒಂದೊಂದಾಗಿ ಕೈಗಳು ಎದ್ದವು; ಪಂಕ್ಚರ್ ಅಂಗಡಿಯ ಹುಡುಗಿಯದೂ ಎದ್ದಿತು. ನಾನು ಮೇಷ್ಟ್ರ ಹುರುಪಿನಲ್ಲಿ "ಶಹಬ್ಬಾಸ್, ಇದು ವಾದ ಅಂದ್ರೆ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.

ಸಂಜೆ ಅಂಗಡಿಗೆ ಓಡಿದೆ. ಅಕ್ಕ ಕೈಗೆ ಸೋಪು ಹಾಕಿ ಮಸಿ ತಿಕ್ಕುತ್ತಿದ್ದಳು.

"ಅಕ್ಕ, ಬೆಳಿಗ್ಗೆದು ಬರೀ ಪಾತ್ರ. ಈಗ ನೀನು ನೀನಾಗಿ ಮಾತಾಡ್ಬೇಕು."

"ಬೆಳಿಗ್ಗೆ ಮಾತಾಡಿದ್ದು ಯಾರು, ನಿನ್ನ ಹೆಂಡ್ತೀನಾ?"

"ಅಂಗಡಿ ಗತಿ?"

"ಬೈಪಾಸ್ ಬೇಕು ಅಂತೀನಿ. ಅದು ಊರ ರಸ್ತೆಗೆ ಬಂದು ಕೂಡೋ ಕಡೆ ಅಂಗಡಿಗೊಂದು ಜಾಗ ಕೊಡಿ ಅಂತಲೂ ಕೇಳ್ತೀನಿ."

"ಕೊಡದಿದ್ರೆ?"

ಅವಳು ಬಾಗಿಲ ಪಕ್ಕದ ಹಳೇ ಟಯರುಗಳ ಮೇಲೆ ಕಣ್ಣಾಡಿಸಿದಳು. "ಕೊಡದಿದ್ರೆ ನನ್ನನ್ನ ನೀನು ಸಾಕು. ನಿನ್ನನ್ನ ನಾನು ಸಾಕಿಲ್ವಾ?"

"ಸಾಕ್ತೀನಿ, ಅದಲ್ಲ ಮಾತು. ತೀರ್ಮಾನ ತಗೊಳ್ಳುವಾಗ ಮೊದಲು ಅನುಕೂಲ ನೋಡ್ಬೇಕು, ಆಮೇಲೆ ಅನಾನುಕೂಲ, ಅದಾದ್ಮೇಲೆ..." ಎಂದು ನಾನು ಬೆರಳು ಮಡಿಚುತ್ತಿದ್ದೆ. ಒದ್ದೆ ಕೈ ಒರೆಸಿಕೊಳ್ಳುತ್ತ ಅಕ್ಕ ಆಗಲೇ ಸಭೆಯ ಕಡೆ ನಡೆದುಬಿಟ್ಟಿದ್ದಳು.