ಕೆಲ್ತೂಮ ಹಮ್ಮಾಮಿನಲ್ಲಿ ಹಾಡಿದ ಕ್ಯಾಸೆಟ್ಟು

ಕೆಲ್ತೂಮಳ ಹೆಸರನ್ನು ನಾನು ಮೊದಲು ಕೇಳಿದ್ದು ಒಂದು ಜಗಳದಲ್ಲಿ. ಒರಾನ್ ಪಟ್ಟಣದ ಹಮ್ಮಾಮೊಂದರಲ್ಲಿ, ಅಂದರೆ ಊರವರ ಆವಿ ಸ್ನಾನದ ಮನೆಯಲ್ಲಿ, ನಾನು ಸ್ನಾನಕ್ಕೆ ಬಂದ ಹೆಂಗಸರ ಮೈ ಉಜ್ಜುತ್ತಿದ್ದೆ, ನನ್ನ ಯಜಮಾನರು ಹಿಂದುಗಡೆ ಒಲೆ ನೋಡಿಕೊಳ್ಳುತ್ತಿದ್ದರು. ಅವತ್ತು ಬಿಸಿ ಕೋಣೆಯಲ್ಲಿ ಇಬ್ಬರು ಹೆಂಗಸರು ಒಂದೇ ಗುರುವಾರ ಮಕ್ಕಳ ಸುನ್ನತಿ ಇಟ್ಟುಕೊಂಡು, ಕೆಲ್ತೂಮ ತಮ್ಮ ಮನೆಗೇ ಬಂದು ಹಾಡಬೇಕು ಎಂದು ಕಿತ್ತಾಡಿ, ತಂಬಿಗೆ ಎತ್ತುವವರೆಗೂ ಹೋದರು.

"ಯಾರಮ್ಮ ಆ ಮಹಾರಾಣಿ?" ಎಂದೆ, ನಡುವೆ ನಿಂತು.

"ಅಯ್ಯೋ, ಇವಳಿಗೆ ಕೆಲ್ತೂಮ ಗೊತ್ತಿಲ್ವಂತೆ ಕಣೇ!" ಇಬ್ಬರೂ ಒಂದಾಗಿ ನನ್ನನ್ನೇ ನೋಡಿ ನಕ್ಕರು.

ಆಮೇಲೆ ಅವಳೇ ಸ್ನಾನಕ್ಕೆ ಬರತೊಡಗಿದಳು. ಗಂಡ ಬಿಟ್ಟವಳು, ನಲವತ್ತು ದಾಟಿದವಳು, ತುಂಬಿದ ಮೈ, ಮುಂದಿನ ಹಲ್ಲಿಗೆ ಚಿನ್ನ. ಹೆಂಗಸರ ಕೂಟಗಳಲ್ಲಿ ತಮಟೆ ಬಾರಿಸಿಕೊಂಡು ಹಾಡುವುದೇ ಅವಳ ಬದುಕು. ಹಾಡಿನ ನಡುವೆ ಯಾವಳಾದರೂ ಎದ್ದು ಕೈಗೊಂದು ನೋಟು ತುರುಕಿ ಕಿವಿಯಲ್ಲಿ ಹೇಳಿದರೆ, ಕೆಲ್ತೂಮ ಹಾಡು ನಿಲ್ಲಿಸಿ, "ಇದು ಬದ್ರಾಳಿಂದ ಅವಳ ನಾದಿನಿಗೆ, ಮುನಿಸು ಸಾಕಂತೆ!" ಎಂದು ಕೂಗಿ ಮತ್ತೆ ತಮಟೆ ಎತ್ತುವಳು. ಅವಳ ಬಾಯಲ್ಲಿ ತನ್ನ ಹೆಸರು ಬಂತೆಂದರೆ ಯಾವ ಹೆಂಗಸೂ ಅದನ್ನು ಊರೆಲ್ಲ ಹೇಳಿಕೊಂಡು ಬರದೆ ಇರುತ್ತಿರಲಿಲ್ಲ.

ಲಖ್ದರ್ ಎನ್ನುವ ಸಾಹುಕಾರ ಅವಳ ಹಾಡುಗಳನ್ನು ಕ್ಯಾಸೆಟ್ಟು ಮಾಡಿದ. ಅಂಗಡಿಗೆ ಬಂದ ಕ್ಯಾಸೆಟ್ಟಿನ ಮೇಲೆ ಕೂದಲು ಹರಡಿಕೊಂಡ ಒಬ್ಬ ಎಳೇ ಹುಡುಗಿಯ ಫೋಟೋ, ಆ ಹುಡುಗಿಯದೇ ಹೆಸರು. ಕೆಲ್ತೂಮ ಅವನ ಅಂಗಡಿಗೆ ನುಗ್ಗಿದಳು.

"ಸಾಹುಕಾರ್ರೇ, ಈ ಕೂಸಿಗೆ ನನ್ನ ಗಂಟಲು ಹೇಗೆ ಬಂತು?"

"ಜನ ಮುಖ ನೋಡಿ ಕೊಳ್ತಾರಮ್ಮ. ಗಂಟಲು ಯಾರಿಗೆ ಕಾಣುತ್ತೆ?"

ಮೊದಲೇ ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ ಕಾಗದವನ್ನು ಅವನು ಮುಂದಿಟ್ಟ. ಅವಳು ಬೇರೆ ಯಾವ ಸ್ಟುಡಿಯೋದಲ್ಲೂ ಹಾಡಕೂಡದು, ಬೇರೆ ಯಾವ ಕ್ಯಾಸೆಟ್ಟಿನ ಮೇಲೂ ಅವಳ ಹೆಸರು ಬರೆಯಕೂಡದು.

ಅವತ್ತು ನನ್ನ ಮುಂದೆ ಬೆನ್ನು ಕೊಟ್ಟು ಕೂತವಳು, "ನಾಳೆ ನಾನು ಸತ್ತರೆ ಈ ದನಿ ಆ ಹುಡುಗಿದೇ ಆಗಿಬಿಡುತ್ತೆ ಅಕ್ಕಾ. ನಂದು ಅಂತ ಒಂದೇ ಒಂದು ಕ್ಯಾಸೆಟ್ಟು ಇದ್ರೆ ಸಾಕಿತ್ತು," ಎಂದಳು. ಹಾಗೆಯೇ ಸಣ್ಣಗೆ ಗುನುಗಿದಳು. ಗೋಡೆಗಳು ಆ ದನಿಯನ್ನು ಎತ್ತಿ ದೊಡ್ಡದು ಮಾಡಿ ವಾಪಸು ಕೊಟ್ಟವು. ಅವಳು ತಟ್ಟನೆ ತಿರುಗಿದಳು.

"ಇದು ಸ್ಟುಡಿಯೋನಾ ಅಕ್ಕಾ?"

"ಹುಚ್ಚೀ, ಹಮ್ಮಾಮು."

"ಹಾಗಾದ್ರೆ ಇಲ್ಲೇ ಹಾಡ್ತೀನಿ!"

ಮರುದಿನವೇ ತಮಟೆ ತಂದಳು. ಆವಿಗೆ ತೊಗಲು ಸಡಿಲಾಗಿ ಒದ್ದೆ ಬಟ್ಟೆ ಒಗೆದ ಸದ್ದು ಬಂತು. ಒಲೆ ಆರಿಸದೆ ದಾರಿಯಿರಲಿಲ್ಲ.

"ನಮ್ಮಮ್ಮ ಸತ್ತ ದಿನವೂ ಈ ಒಲೆ ಉರೀತಿತ್ತು ಕಣೇ," ಎಂದರು ಯಜಮಾನರು. "ಒಬ್ಬಳ ಹಾಡಿಗೆ ಆರಿಸ್ಲಾ?"

"ಅಣ್ಣಾ, ನಿಮ್ಮಮ್ಮನಿಗೆ ಹಾಡು ಕೇಳೋಕೆ ಆಗ್ತಿತ್ತಾ ಅವತ್ತು?" ಕೆಲ್ತೂಮ ಬಾಗಿಲಾಚೆಯಿಂದಲೇ ಕೇಳಿದಳು. ಅವರು ಬೈದುಕೊಂಡರು, ಆದರೆ ಬೆಂಕಿ ಆರಿಸಿದರು.

ಕೋಣೆ ಒಣಗಿ ತಣ್ಣಗಾದ ಮೇಲೆ, ಇದು ಹೆಂಗಸರ ಸ್ನಾನದ ಹೊತ್ತು, ಗಂಡಸರು ಬರಕೂಡದು ಎಂದು ಬಾಗಿಲಿಗೆ ಪರದೆ ಇಳಿಸಿದೆವು. ಹೆಂಗಸರೆಲ್ಲ ಕೋಟು, ಕಂಬಳಿ ಹೊದ್ದು ಸ್ನಾನದ ಕಲ್ಲಿನ ಮೇಲೆ ಕೂತರು. ಟೇಪ್‌ರೆಕಾರ್ಡರ್ ಕೆಲ್ತೂಮಳದು, ಕೆಂಪು ಗುಂಡಿ ಒತ್ತುವ ಕೆಲಸ ನನ್ನದು. ಮೊದಲ ಹಾಡಿನ ನಡುವೆ ಅವಳು ಉಸಿರು ಎಳೆದುಕೊಳ್ಳುವಾಗ, ಯಾರೂ ಹೇಳಿಕೊಡದೆ ಬದ್ರಾ ಎದ್ದು ನಿಂತು ಕೂಗಿದಳು: "ಇದು ಬದ್ರಾಳಿಂದ ಕೆಲ್ತೂಮಳಿಗೆ!" ಅವಳ ನಾದಿನಿ ಬಿಡುತ್ತಾಳೆಯೇ? "ನನ್ನಿಂದಲೂ ಕೆಲ್ತೂಮಳಿಗೆ!" ಆಮೇಲೆ ಒಬ್ಬೊಬ್ಬಳೂ ಎದ್ದಳು. ಲಖ್ದರನ ಕಾಗದದಲ್ಲಿ ಇದ್ದದ್ದು ಹೆಸರು ಬರೆಯಕೂಡದು ಎಂದು. ಕೂಗಕೂಡದು ಎಂದು ಯಾರೂ ಬರೆದಿರಲಿಲ್ಲ. ಜನ್ಮವೆಲ್ಲ ಬೇರೆಯವರ ಹೆಸರು ಕೂಗಿದವಳು ತನ್ನ ಹೆಸರು ಕೇಳಿ ತಮಟೆ ನಿಲ್ಲಿಸಿ ಕೂಗಿದವರನ್ನೇ ಒಬ್ಬೊಬ್ಬರಾಗಿ ನೋಡಿದಳು. ಮರುಗಳಿಗೆ ಅವಳು ಎತ್ತಿದ ದನಿಯಂಥದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

ಸುದ್ದಿ ತಿಳಿದು ಲಖ್ದರ್ ಓಡಿ ಬಂದನಂತೆ. ಬಾಗಿಲಲ್ಲಿ ನಮ್ಮ ಯಜಮಾನರು.

"ಒಳಗೆ ಏನ್ ನಡೀತಿದೆ?"

"ಸ್ನಾನ."

"ತಮಟೆ ಸದ್ದು?"

"ಬೆನ್ನು ಉಜ್ಜೋ ಸದ್ದು. ಅನುಮಾನ ಇದ್ರೆ ಬಟ್ಟೆ ಬಿಚ್ಚಿ ಒಳಗೆ ಹೋಗಿ ಸಾಹುಕಾರ್ರೇ, ನಿಮ್ಮತ್ತೆಯವರೂ ಇದಾರೆ."

ನಿಜಕ್ಕೂ ಇದ್ದರು. ಕೂಗುವುದರಲ್ಲಿ ಅವರದೇ ದೊಡ್ಡ ಬಾಯಿ.

ಕ್ಯಾಸೆಟ್ಟಿನ ಮೇಲೆ ಏನೂ ಬರೆಯಲಿಲ್ಲ. ಅದು ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಾ ಟ್ಯಾಕ್ಸಿಗಳಿಗೆ, ಮದುವೆ ಮನೆಗಳಿಗೆ ಹೋಯಿತು. ಕೇಳಿದವರಿಗೆಲ್ಲ ಹಾಡಿದವಳು ಯಾರೆಂದು ಗೊತ್ತಾಯಿತು. ಕೊನೆಗೆ ಲಖ್ದರನೇ ಮಣಿದು ಬಂದ. ಅವಳದೇ ಫೋಟೋ ಹಾಕಿ, ದೊಡ್ಡ ಅಕ್ಷರದಲ್ಲಿ ಅವಳ ಹೆಸರೇ ಅಚ್ಚು ಮಾಡುತ್ತೇನೆ, ಆ ಹೆಂಗಸರ ಗಲಾಟೆ ಮಾತ್ರ ಅಳಿಸಬೇಕು ಎಂದ.

"ಗಲಾಟೆ ಅಲ್ಲ ಸಾಹುಕಾರ್ರೇ, ಅದೇ ನನ್ನ ಹೆಸರು," ಎಂದು ಅವನಿಗೆ ಚಹಾ ಕುಡಿಸಿ ಕಳಿಸಿದಳು. ಎಷ್ಟು ಜನಕ್ಕೆ ಬರುತ್ತದೆ ಆ ಎದೆ?

ಉಸಿರಾಟದ ಕಾಯಿಲೆ ಹೆಚ್ಚಾದಾಗ ಅವಳು ಮುಸ್ತಗಾನೆಮ್‌ನಲ್ಲಿದ್ದ ತಂಗಿಯ ಮನೆಗೆ ಹೊರಟಳು. ಬಸ್ಸು ಹತ್ತುವ ಮೊದಲು ಮೂಲ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟಳು.

"ಯಾರು ಖಾಲಿ ಕ್ಯಾಸೆಟ್ ತಂದ್ರೂ ನಕಲು ಮಾಡ್ಕೊಡಕ್ಕಾ. ದುಡ್ಡು ಕೇಳ್ಬೇಡ. ನನ್ನ ಹಾಡು ಉದ್ದ ಆಯ್ತು ಅಂದ್ರೆ ಒಂದೆರಡು ಕತ್ತರಿಸ್ಲಿ ಬಿಡು. ಆ ಹೆಂಗಸರ ಕೂಗಿಗೆ ಮಾತ್ರ ಯಾರನ್ನೂ ಕೈ ಹಾಕೋಕೆ ಬಿಡ್ಬೇಡ."