ತಾನೇ ಕೆಟ್ಟು ತಾನೇ ಸರಿಯಾಗುವ ಸರ್ವರ್

"ಆಕೀನ ಕಂಪ್ಯೂಟರಿಗೆ ಏನರೆ ಮಾಡಾಕತ್ತ್ಯಾಳ್ರಿ. ಹಿಡದು ಕೊಡ್ರಿ, ಇವತ್ತ ಕೆಲಸದಿಂದ ತಗದುಬಿಡ್ತೀನಿ."

ಫೋನಿನಲ್ಲಿದ್ದವರು ಸಿಂಧನೂರಿನ ಲ್ಯಾಬ್ ಮಾಲೀಕರು. ಆಕೆ ಎಂದರೆ ಅವರ ಮಸ್ಕಿ ಶಾಖೆಯಲ್ಲಿ ರಕ್ತ ತೆಗೆಯುವ ಹೆಣ್ಣುಮಗಳು. ದಿನಾ ಪಾಮನಕಲ್ಲೂರಿನಿಂದ ಬಸ್ಸಿಗೆ ಬರುತ್ತಾಳೆ. ಅವಳು ಮಸ್ಕಿಯಲ್ಲಿ ಟೈಪ್ ಮಾಡಿದ್ದೆಲ್ಲ ಸಿಂಧನೂರಿನ ಸರ್ವರಿಗೆ ಹೋಗಿ ಕೂರಬೇಕು. ಆ ಪ್ರೋಗ್ರಾಂ ನನ್ನದು. ತಿಂಗಳಿಗೊಂದು ದಿನ ಅದು ಬೆಳಗ್ಗೆ ಸತ್ತು ಮಧ್ಯಾಹ್ನ ಎದ್ದು ಕೂರುತ್ತಿತ್ತು. ನಾನು ಹೋಗುವಷ್ಟರಲ್ಲಿ ಎಲ್ಲ ಸರಿ. ತಾನೇ ಕೆಟ್ಟು ತಾನೇ ಸರಿಯಾಗುವ ಯಂತ್ರವನ್ನು ನಾನಂತೂ ನಂಬುವುದಿಲ್ಲ. ಹಿಂದೆ ಒಂದು ಕೈ ಇದ್ದೇ ಇರುತ್ತದೆ.

ಈ ಸಲ ಫೋನ್ ಇಟ್ಟವನೇ ಲಿಂಗಸುಗೂರಿನಿಂದ ಬೈಕ್ ಹತ್ತಿದೆ.

ಮಸ್ಕಿಯಲ್ಲಿ ಆಕೆ ಕುರ್ಚಿ ಬಿಟ್ಟು ಗೋಡೆಗೆ ಒರಗಿ ನಿಂತಳು. ವೈರ್ ಎಳೆದಿದ್ದಾಳೋ ಎಂದು ನೋಡಿದೆ, ಇಲ್ಲ. ಪಾಸ್‌ವರ್ಡ್ ನಾನು ಕೊಟ್ಟದ್ದೇ ಇತ್ತು. ಇಂಟರ್‌ನೆಟ್ಟೂ ಓಡುತ್ತಿತ್ತು. ಸಿಂಧನೂರಿನ ಯಂತ್ರವನ್ನು ಕೂಗಿದರೆ ಓ ಎನ್ನುತ್ತಿತ್ತು. ನನ್ನ ಪ್ರೋಗ್ರಾಂ ಹೋಗಿ ಒಳಗೆ ಬಿಡು ಎಂದರೆ ಮಾತ್ರ ಕಣ್ಣು ಮಿಟುಕಿಸುವುದರೊಳಗೆ 'ಕನೆಕ್ಷನ್ ರಿಫ್ಯೂಸ್ಡ್'. ಆ ಅವಸರವೇ ನನಗೆ ಅನುಮಾನ ತಂದದ್ದು. ದಾರಿ ಕಡಿದಿದ್ದರೆ ಉತ್ತರವೇ ಇಲ್ಲದೆ ಕಾಯಬೇಕಿತ್ತು. ಇದು ಒಳಗೆ ಜನ ಇದ್ದೂ ಬಾಗಿಲು ತೆಗೆಯದ ಹಾಗೆ. ಅಂದರೆ ಆ ಕೈ ಸಿಂಧನೂರಿನಲ್ಲಿತ್ತು. ಯಾರದೆಂದು ಗೊತ್ತಾಗುವವರೆಗೆ ಬಾಯಿ ಬಿಡಬಾರದೆಂದುಕೊಂಡೆ.

ಹೊರಡುವಾಗ ಆಕೆ ಕೇಳಿದಳು, "ಅಣ್ಣಾರ, ನೀವು ಮಷಿನ್ ನೋಡಾಕ ಬಂದಿದ್ರೋ, ನನ್ನ ನೋಡಾಕ ಬಂದಿದ್ರೋ?"

ನಾನು ಹೆಲ್ಮೆಟ್ ಹಾಕಿಕೊಂಡೆ.

ಸಿಂಧನೂರಿನ ಲ್ಯಾಬಿನಲ್ಲಿ ಊದುಬತ್ತಿ ಹೊಗೆ. ಸರ್ವರಿನ ಹಣೆಗೆ ವಿಭೂತಿ, ಕುಂಕುಮ, ಮೇಲೊಂದು ಸೇವಂತಿಗೆ ಮಾಲೆ. ಅದರಡಿ ಹಸಿರು ದೀಪ ಮಿಣುಕುತ್ತಿತ್ತು. ಅವತ್ತು ಅಮಾವಾಸ್ಯೆ. ಕಾಯಿ ಒಡೆಯಲು ಅಯ್ಯನವರು ಬರಬೇಕು. ಊರ ಅಂಗಡಿಗಳ ಪೂಜೆಯೆಲ್ಲ ಮುಗಿಸಿ ಅವರು ಇಲ್ಲಿಗೆ ಬರುವುದು ಮಧ್ಯಾಹ್ನಕ್ಕೇ. ನಾನು ಮಾಲೆ ಸರಿಸಿ ಪರದೆ ನೋಡಿದೆ. ಯಂತ್ರ ಓಡುತ್ತಿತ್ತು, ವರದಿಗಳನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸನ್ನು ಮಾತ್ರ ಯಾರೋ ನಿಲ್ಲಿಸಿದ್ದರು. ಯಾರೆಂದು ಕೇಳಿದೆ.

"ನಾನ," ಎಂದರು ಮಾಲೀಕರು. "ಬಂದ್ ಮಾಡೂದು ನೀವ ಕಲಿಸಿದ್ರಲ್ಲ. ಪೂಜಿ ಆಗೋತನ ವ್ಯವಹಾರ ಮಾಡಬಾರದ್ರಿ. ಪೂರಾ ಬಂದ್ ಮಾಡಿದ್ರ ಲೈಟ್ ಹೋಗ್ತಾವ. ಕತ್ತಲಾಗಿರೋ ಮಷಿನ್ನಿಗೆ ಹೆಂಗ ಪೂಜಿ ಮಾಡೂದು?"

"ಮತ್ತ ಮಸ್ಕಿದು?"

"ಮಸ್ಕಿದು ಮಸ್ಕ್ಯಾಗ ಇರ್ತೈತಲ್ರಿ?"

ಆಟ ಆಡುತ್ತಿದ್ದಾರೋ ಎಂದು ಮುಖ ನೋಡಿದೆ. ಇಲ್ಲ, ನಿಜಕ್ಕೂ ಹಾಗೆಂದೇ ತಿಳಿದಿದ್ದರು. ಮಸ್ಕಿಯದೂ ಇದೇ ಮಾಲೆಯ ಕೆಳಗಿದೆ ಎಂದು ಬಿಡಿಸಿ ಹೇಳಿದೆ. ನಾನು ಸರಿಸಿದ್ದ ಮಾಲೆಯನ್ನು ಮತ್ತೆ ನೆಟ್ಟಗೆ ಮಾಡುತ್ತ, ಆದರೂ ಆಕೆ ಅಮಾವಾಸ್ಯೆ ದಿನ ತಡವಾಗಿಯೇ ಬರುತ್ತಾಳೆ ಎಂದರು. ಅವತ್ತು ದೇವರಿಗೆ ಹೋಗುವವರಿಂದ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ.

ಆದರೂ ನನ್ನೆದುರೇ ಸ್ಪೀಕರ್ ಹಾಕಿಸಿ ಆಕೆಗೆ ಫೋನ್ ಮಾಡಿಸಿದೆ. ಕ್ಷಮಿಸು ಎನ್ನುವ ಮಾತು ಅವರ ಬಾಯಿಂದ ಬರಲಿಲ್ಲ. ತಪ್ಪು ಇಲ್ಲಿಯದೇ ಇತ್ತು, ಅಮಾವಾಸ್ಯೆ ಪೂಜೆಗೆಂದು ನಾನೇ ಬಂದ್ ಮಾಡಿದ್ದೆ, ನಾಳೆ ಎಂದಿನಂತೆ ಬಾ ಎಂದರು.

"ಆತ್ರಿ," ಎಂದಳು ಆಕೆ. "ಮುಂದಿನ ಅಮಾಸಿಗೆ ನಾನ ಸಿಂಧನೂರಿಗೆ ಬಂದು ಕುಂದರ್ತೀನಿ. ಮಷಿನ್ನೂ ನೋಡಾಕ, ನಿಮ್ಮನ್ನೂ ನೋಡಾಕ."